ತಡೆದ ಸೀನು

ಮದುವೆಯಾದ ವರ್ಷ, ಅರಳೆ ಹಿಂಜುತ್ತಿದ್ದ ಕೈ ನಿಲ್ಲಿಸಿ ಮಕ್ಬುಲಸಾಬ ಹೆಂಡತಿ ಲಾಲಬೀಗೆ ಮಾತು ಕೊಟ್ಟಿದ್ದ: "ಮಕ್ಕಾಕ್ಕ ಇಬ್ರೂ ಕೂಡೇ ಹೋಗೂಣು. ಒಬ್ಬರನ್ನ ಬಿಟ್ಟು ಒಬ್ರು ಹೋಗಾಂಗಿಲ್ಲ." ಊರವರ ಗಾದಿ ಹೊಲಿದು ಹೊಲಿದು ಅವನ ಗಡ್ಡವೂ ಅರಳೆಯಂತಾದ ಮೇಲೆ ಆ ದಿನ ಬಂತು.

ತಾವರಗೇರಾದ ಓಣಿಯಲ್ಲಿ, ಹೈದರಾಬಾದಿನ ವಿಮಾನಕ್ಕೆ ಒಯ್ಯುವ ಟೆಂಪೊ ನಿಂತಿತ್ತು. ಕೊರಳಲ್ಲಿ ಮಾಲೆ, ಸುತ್ತ ಲೋಬಾನದ ಹೊಗೆ. ಮಕ್ಬುಲಸಾಬ ಒಬ್ಬೊಬ್ಬರನ್ನೇ ಅಪ್ಪಿಕೊಂಡು, "ತಪ್ಪಾಗಿದ್ರ ಮಾಫ್ ಮಾಡ್ರಿ" ಎನ್ನುತ್ತಿದ್ದ. ನೆರೆಮನೆಯ ಮುದಿಯಪ್ಪ ತಲೆ ತಗ್ಗಿಸಿದ.

"ನೀ ಅಲ್ಲೋ ಸಾಬಾ, ನನ್ನ ಹೋರಿ ಮಾಫಿ ಕೇಳಬೇಕು. ಹೋದ ವಾರ ನಿನ್ನ ಕೆನ್ನಿಗೆ ಕೊಂಬು ಬೀಸಿದ್ದು ಅದು."

"ಬಿಡೋ ಮಾರಾಯಾ. ನಿನ್ಕಿಂತ ಅದರ ಗುಣ ಛಲೋ ಐತಿ."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಹೊಗೆ ಮೂಗಿಗೆ ಹೊಕ್ಕು ಮಕ್ಬುಲಸಾಬನಿಗೆ ಸೀನು ಬಂತು. ಹೊರಡುವ ಹೊತ್ತಿಗೆ ಸೀನುವುದುಂಟೆ? ಓಣಿಯ ಹಿರಿಯರು ಅಪಶಕುನವೆಂದು ಹಿಡಿದು ಕೂಡಿಸುತ್ತಾರೆ. ಅವನು ಟವೆಲಿನಿಂದ ಮೂಗು, ಬಾಯಿ ಎರಡನ್ನೂ ಅದುಮಿ ಸೀನನ್ನು ಒಳಗೇ ನುಂಗಿದ.

ಟವೆಲು ತೆಗೆದಾಗ ಲಾಲಬೀ ಚೀರಿದಳು. ಅವಳ ಕಣ್ಣೆದುರೇ ಗಂಡನ ಎಡಗೆನ್ನೆ ಪೂರಿಯಂತೆ ಉಬ್ಬುತ್ತಿತ್ತು. ರೆಪ್ಪೆ ಊದಿ ಕಣ್ಣು ಮುಚ್ಚಿಯೇ ಹೋಯಿತು. ಮುಟ್ಟಿದರೆ ಚರ್ಮದ ಕೆಳಗೆ ಚುರುಮುರಿ ತುಳಿದಂತೆ ಚರಚರ.

ಮಗಳು ಮುಬಾಶಿರಾ ಅಪ್ಪನ ಫೋನಿನಿಂದಲೇ, ಹೋದ ವಾರ ಪೆಟ್ಟು ನೋಡಿದ್ದ ಗಂಗಾವತಿಯ ಡಾಕ್ಟರಿಗೆ ಹಚ್ಚಿದಳು. ಸ್ಪೀಕರಿನಲ್ಲಿ ಬಂದ ಮಾತು ಓಣಿಗೆಲ್ಲ ಕೇಳಿತು.

"ಕೆನ್ನಿ ಎಲುಬು ಮುರದೈತಿ, ಸೀನು ತಡೀಬ್ಯಾಡ್ರಿ, ನಾ ನೋಡಿ ಹೂಂ ಅನ್ನೂತನಕ ವಿಮಾನ ಹತ್ತಬ್ಯಾಡ್ರಿ ಅಂತ ಅವತ್ತೇ ಹೇಳಿದ್ನೆಲ್ರೀ! ಮ್ಯಾಲ ಹೋದಂಗ ಒಳಗ ಸಿಕ್ಕ ಗಾಳಿ ಇನ್ನೂ ಹಿಗ್ಗತೈತಿ. ಕಣ್ಣೇ ಹೋದೀತು. ಈಗಿಂದೀಗ ಕರಕೊಂಡ ಬರ್ರಿ."

ಲಾಲಬೀ ಗಂಡನತ್ತ ತಿರುಗಿದಳು. "ಬರೇ ಬಾವು ಅಂದಿದ್ರಿ..."

"ಮಾತು ಕೊಟ್ಟಿದ್ನೆಲ್ಲ. ನಡಿ, ಹತ್ತು. ಒಂದು ಕಣ್ಣು ಹೋದ್ರ ಇನ್ನೊಂದು ಐತಿ."

ಅವರೊಂದಿಗೇ ಮಕ್ಕಾಕ್ಕೆ ಹೊರಟಿದ್ದ ಅವಳ ತಮ್ಮ ಅಕ್ಬರ ಟೆಂಪೊದೊಳಗಿಂದ ಕರೆದ: "ಅಕ್ಕಾ, ನೀನರ ಬಾ. ಜೋಡಿ ನಾ ಅದೀನಲ್ಲ."

ಲಾಲಬೀ ಟೆಂಪೊ ಹತ್ತಿದಳು. ಮಕ್ಬುಲಸಾಬನ ತೆರೆದಿದ್ದ ಒಂದೇ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ಸೀಟಿನ ಕೆಳಗಿದ್ದ ಎರಡೂ ಚೀಲಗಳನ್ನು ಎಳೆದುಕೊಂಡು ಇಳಿದುಬಂದಳು.

ಮುದಿಯಪ್ಪ ಓಡಿಹೋಗಿ ಟಂಟಂ ಆಟೊ ಕರೆತಂದ. ಮಾಲೆ ಹಾಕಿಕೊಂಡೇ ಇಬ್ಬರೂ ಅದರಲ್ಲಿ ಕೂತರು. ಮತ್ತೆ ಮೂಗು ತುರಿಸಿತೇನೋ, ಮಕ್ಬುಲಸಾಬ ಟವೆಲು ಎತ್ತಿದ. ಲಾಲಬೀ ಅದನ್ನು ಕಸಿದುಕೊಂಡಳು.

"ಬಾಯಿ ತಗದು ಸೀನ್ರಿ. ಈಗೇನು ಮಕ್ಕಾಕ್ಕ ಹೊಂಟಿಲ್ಲ."

ಟೆಂಪೊ ಹೋಯಿತು. ಒಬ್ಬರನ್ನು ಬಿಟ್ಟು ಒಬ್ಬರು ಹೋಗಲಿಲ್ಲ.