ಕಣ್ಣೀರು ಸುಳಿ

ಧೀರೇಂದ್ರ ಕುದುರೆಯ ಎಡಗಣ್ಣಿನ ಕೆಳಗೆ ಅಂಟು ಸವರಿ, ಹಲ್ಲುಜ್ಜುವ ಬ್ರಷ್ಷಿನಿಂದ ಕೂದಲು ತಿರುವುತ್ತಿದ್ದ. ಹೆಣ್ಣುಕುದುರೆ ಚಂದ್ರಿ ಮಿಸುಕಲಿಲ್ಲ. ಅಂಟು ಒಣಗುವ ಹೊತ್ತಿಗೆ ಅಲ್ಲೊಂದು ಸುಳಿ ಮೂಡಿತು. ಕಣ್ಣೀರು ಇಳಿಯುವ ಜಾಗದಲ್ಲಿ ಸುಳಿಯಿರುವ ಕುದುರೆ ಮನೆಗೆ ಸಾವು ತರುತ್ತದೆಂಬುದು ಈ ಸೀಮೆಯ ನಂಬಿಕೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಆಲಮೇಲದಲ್ಲಿ ಅಜ್ಜ ಬಿಟ್ಟುಹೋದ ಕಬ್ಬಿನ ಹೊಲ, ಪುಣೆಯಲ್ಲಿ ಓದಿದ ಕಾನೂನು, ಭೀಮಥಡಿ ಕುದುರೆಯ ತಳಿ ಉಳಿಸುವ ಹುಚ್ಚು. ಮೂರರಲ್ಲಿ ಲಾಭ ತಂದದ್ದು ಕಬ್ಬೊಂದೇ. ಹೊಲವಿದ್ದದ್ದು ತಾಯಿ ವೆಂಕೂಬಾಯಿಯ ಹೆಸರಲ್ಲಿ. ಹೀಗಾಗಿ ಕುದುರೆಗಳು ಒಂದೊಂದಾಗಿ ಮಾರಾಟವಾದವು. ಉಳಿದವಳು ಚಂದ್ರಿ.

ಕೈಗೆ ಬಾರದೆ ಹೋದವಳು ಮಂಜರಿ. ತಿಂಗಳಿಗೊಮ್ಮೆ ಬಂದು ಚಂದ್ರಿಯನ್ನು ಮೂಗಿನಿಂದ ಗೊರಸಿನವರೆಗೆ ತಪಾಸಣೆ ಮಾಡುತ್ತಿದ್ದ ಪಶುವೈದ್ಯೆ. ಸಂಕ್ರಾಂತಿಯಲ್ಲಿ ಅವಳನ್ನು ಇವನಿಗೆ ಕೇಳಿ ಅವಳ ಮನೆಗೆ ವೆಂಕೂಬಾಯಿ ಹೇಳಿಕಳಿಸಿದ್ದಳು. ಯುಗಾದಿ ಕಳೆದರೂ ಉತ್ತರವಿಲ್ಲ. ಅವಳು ಬರುವುದನ್ನೂ ನಿಲ್ಲಿಸಿದ್ದಳು. ಅವನು ಆಸೆ ಬಿಟ್ಟ.

ಹಿಂದಿನ ದಿನ ಗುರುತಿಲ್ಲದವರೊಬ್ಬರ ಫೋನು ಬಂದಿತ್ತು. "ಕುದುರಿ ಕೊಡೋದದ ಅಂತ ಕೇಳಿದೆ. ನಾಳೆ ಬರ್ತೀನ್ರಿ."

"ಕೊಟ್ಟು ಕೈ ತೊಳ್ಕೋ," ಎಂದಳು ವೆಂಕೂಬಾಯಿ. "ಅದರ ಹೊಟ್ಟಿ ತುಂಬಸ್ಲಿಕ್ಕೆ ನಾ ಬದುಕೀನೇನು?"

ಬಂದವರು ಪಂಢರಿನಾಥ ಎಂಬ ಹಿರಿಯರು. ವಿಚಿತ್ರ ಗಿರಾಕಿ. ರೇಟು ಕೇಳಲಿಲ್ಲ. ಬಾವಿ ನೋಡಿದರು, ದೇವರಮನೆ ನೋಡಿದರು, ನೀರಿನ ನೆವದಲ್ಲಿ ಅಡುಗೆಮನೆಗೂ ಇಣುಕಿದರು.

"ಸಂಜೀಮುಂದ ಏನರೆ ತೊಗೊಳ್ಳೋ ಚಟ?"

"ಕುದುರಿಗೇನ್ರಿ? ಬೆಲ್ಲ ಬಿಟ್ರ ಏನಿಲ್ಲ."

ಹಿರಿಯರು ಹೊಟ್ಟೆತುಂಬ ನಕ್ಕರು. ಅವರಿಗೆ ಮನಸ್ಸಾಗಿದೆ ಎಂದು ಧೀರೇಂದ್ರನಿಗೆ ಗೊತ್ತಾಯಿತು. ಚಂದ್ರಿಯ ಮುಖವನ್ನು ಬೆಳಕಿಗೆ ತಿರುಗಿಸಿದ.

"ಇಲ್ಲಿ ನೋಡ್ರಿ ಕಾಕಾ. ಮುಚ್ಚಿಟ್ಟು ಮಾರೋ ಮಂದಿ ಅಲ್ಲ ನಾವು."

ನಗು ನಿಂತಿತು. "ಎಷ್ಟು ದಿನದಿಂದ ಅದ ಇದು ನಿಮ್ಮನ್ಯಾಗ?"

"ಹುಟ್ಟಿದ್ದೇ ಇಲ್ರಿ. ಆ ವರ್ಷನೇ ನಮ್ಮಪ್ಪ ತೀರಿಕೊಂಡ್ರು."

ಅಷ್ಟು ಮಾತ್ರ ನಿಜ. ಹಿರಿಯರು ಚಹಾ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟುವಾಗ ವೆಂಕೂಬಾಯಿಗೆ ಕೈ ಮುಗಿದರು, ಸತ್ತವರ ಮಣ್ಣಿಗೆ ಬಂದವರು ಮುಗಿಯುವ ಹಾಗೆ.

ಧೀರೇಂದ್ರ ಬಿಸಿನೀರಿನಲ್ಲಿ ಅಂಟು ತೊಳೆದ. ಚಂದ್ರಿಗೆ ಇಡೀ ಅಚ್ಚು ಬೆಲ್ಲ ತಿನ್ನಿಸಿದ. ಎಷ್ಟೋ ದಿನಗಳ ಮೇಲೆ ಸಿಳ್ಳೆ ಹಾಕಿದ.

ಸಂಜೆ ಫೋನು ರಿಂಗಾಯಿತು. ಮಂಜರಿ.

"ನಮ್ಮಪ್ಪ ವರನ ಮನಿಗೆ ಹೇಳಿಕೇಳಿ ಹೋಗವ್ರಲ್ರಿ, ಇವತ್ತು ಕುದುರಿ ನೆವದಾಗ ನಿಮ್ಮನ್ನ ಒಪ್ಪೇ ಬರಬೇಕಂತ ಹೋಗಿದ್ರು. ಚಂದ್ರಿಗೆ ಅಂಥಾ ಸುಳಿ ಇಲ್ಲ ಅನ್ನೋದು ನಿಮ್ಮಷ್ಟೇ ನನಗೂ ಗೊತ್ತು. ನಾ ಬ್ಯಾಡ ಆಗಿದ್ರ ನೆಟ್ಟಗ ಹೇಳಬಹುದಿತ್ತಲ್ರಿ."