ಎರಡು ನಿಮಿಷ ಕೂತ್ಕೋ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮಿಸಿ.

ಮರುದಿನ ಬೆಳಿಗ್ಗೆ ನನಗೆ ಆಪರೇಷನ್ ಇತ್ತು. ಜೊತೆಗೆ ಯಾರೂ ಇರಲಿಲ್ಲ. ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ನರ್ಸ್ ಲವೀನಾ ಬಂದು ಬಿಪಿ ನೋಡಿದಳು, ಡ್ರಿಪ್ ಸರಿಮಾಡಿದಳು, ಚಾರ್ಟ್ ತುಂಬಿದಳು. ಒಂದರಲ್ಲೂ ತಪ್ಪಿರಲಿಲ್ಲ.

"ಭಯ ಆಗ್ತಿದೆ ಕಣಮ್ಮ. ಎರಡು ನಿಮಿಷ ಈ ಸ್ಟೂಲಿನ ಮೇಲೆ ಕೂತ್ಕೋ."

ಅವಳು ಸ್ಟೂಲಿನವರೆಗೂ ಬಂದು ನಿಂತಳು.

"ಬೇಡ."

"ಯಾರಾದ್ರೂ ಬೈತಾರಾ?"

"ಇಲ್ಲಿ ಯಾರೂ ಬೈಯಲ್ಲ."

"ಹಾಗಾದ್ರೆ ಕೂತ್ಕೋ. ನಾನೇನು ಕಚ್ತೀನಾ?"

"ನಿಮ್ಮ ಹತ್ರ ನರ್ಸಿಂಗ್ ಟ್ರೇನಿಂಗ್‌ನಲ್ಲಿದ್ದಾಗ, ಅಳ್ತಿದ್ದ ಒಬ್ಬ ಅಜ್ಜಿ ಪಕ್ಕ ಕೂತಿದ್ದಕ್ಕೆ ನೀವು ಎಲ್ಲರೆದುರು ನನ್ನನ್ನ ವಾರ್ಡಿಂದ ಆಚೆ ನಿಲ್ಲಿಸಿದ್ರಿ, ಮೇಡಂ. ಆವತ್ತಿಂದ ನಂಗೆ ಪೇಷಂಟ್ ಹತ್ರ ಕೂರೋಕೇ ಆಗಲ್ಲ."

ಅವಳ ದನಿಯಲ್ಲಿದ್ದದ್ದು ಸಿಟ್ಟೋ ಸಂಕಟವೋ, ನನಗೆ ಇವತ್ತಿಗೂ ಗೊತ್ತಿಲ್ಲ.