ಸುಮ್ಮನಾದ ಗಂಟೆ

“ಈ ಮೆಥಡನ್ನ ಯಾವ ಕೋಡ್ ಕರೀತಿದೆ?” ಮೇಧಾ ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು. ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ, ರೋಗಿಯ ಸ್ಥಿತಿ ಕೆಟ್ಟಾಗ ಹೊಡೆಯುವ ಎಚ್ಚರಿಕೆ ಗಂಟೆಯನ್ನು ಸುಮ್ಮನಾಗಿಸುವ ಹಳೆಯ ಕೋಡಿನ ತುಣುಕು ಅದು. ತಿದ್ದುವ ಮುನ್ನ ತಿಳಿಯಲೇಬೇಕಿತ್ತು.

“ಅದರ ತಂಟೆ ಬೇಡಮ್ಮ,” ಎಂದರು ಪಕ್ಕದ ಕುರ್ಚಿಯ ಹಿರಿಯ ಸಹೋದ್ಯೋಗಿ ಶ್ರೀವತ್ಸ.

ಅನುಮಾನ ಬಂದು ಹುಡುಕಿದಳು. ಆ ಮೆಥಡನ್ನು ಕರೆಯುವ ಸಾಲು ಒಂದೇ ಸಿಕ್ಕಿತು. ನಿನ್ನೆ ಸಂಜೆ ಸೇರಿಸಿದ್ದು, ಅದೂ ಒಂದೇ ಹಾಸಿಗೆಯ ಗಂಟೆಗೆ. ಸೇರಿಸಿದವರು ಶ್ರೀವತ್ಸರೇ.

“ಯಾರನ್ನ ಸಾಯಿಸೋಕೆ ಸಾರ್ ಇದು?”

“ಬಿಡ್ತು ಅನ್ನು. ಅಲ್ಲಿರೋದು ನಮ್ಮಮ್ಮ. ಆ ಗಂಟೆ ಸದ್ದಿಗೆ ಕಣ್ಣೇ ಮುಚ್ಚಿರಲಿಲ್ಲ, ಪಾಪ.”

ಮೇಧಾ ಕೀಬೋರ್ಡನ್ನು ಅವರತ್ತ ತಳ್ಳಿದಳು. “ಆ ಸಾಲು ತೆಗೀರಿ ಸಾರ್. ಗಂಟೆ ಹೊಡೀಲಿ.”

“ತೆಗೆಯಲ್ಲ. ಈಗಷ್ಟೇ ವಾರ್ಡಿಗೆ ಹೋಗಿ ನೋಡ್ಕೊಂಡು ಬಂದೆ. ಬೆಳಗ್ಗೆಯಿಂದ ಮಗ್ಗುಲು ಕೂಡ ಬದಲಿಸದೆ ಮಲಗಿದಾಳೆ.”